ತರಚಿದ ಮೊಣಕಾಲಿನ ಸುದ್ದಿ

ಚಿಕ್ಕದನ್ನು ದೊಡ್ಡದು ಮಾಡುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ದೊಡ್ಡದನ್ನು ಚಿಕ್ಕದು ಮಾಡಿ ಹೇಳುವವರನ್ನು ಬೇಕಾದರೆ ಸಹಿಸಿಯೇನು. ಅವರಿಂದ ಯಾರ ಎದೆಯೂ ಒಡೆಯುವುದಿಲ್ಲ. ಈ ರೆಕ್ಕೆಪುಕ್ಕ ಕಟ್ಟುವ ಜಾತಿಯನ್ನು ಮಾತ್ರ ಸಾಲಾಗಿ ನಿಲ್ಲಿಸಿ ಬೆತ್ತ ಹಿಡಿಯಬೇಕು. ಬೆತ್ತ ನನಗೆ ಹೊಸದಲ್ಲ. ಆಗ ನಾನು ಬೆಟ್ಟಂಪಾಡಿಯ ಕಡೆಯ ಒಂದು ಶಾಲೆಯ ಮಾಷ್ಟ್ರು. ನಮ್ಮ ಹೆಡ್ಮಾಷ್ಟ್ರು ದಾರಿಯಲ್ಲಿ ಕಂಡ ಕೇರೆಹಾವು ಶಾಲೆ ತಲುಪುವಾಗ ಕಾಳಿಂಗವಾಗಿರುತ್ತಿತ್ತು. ಅದನ್ನು ಹೇಗೋ ಸಹಿಸಿಕೊಂಡಿದ್ದೆ, ಹಾವು ನನ್ನದಲ್ಲವಲ್ಲ.

ಕಾಲು ನನ್ನದು. ಪುತ್ತೂರಿನ ದರ್ಬೆಯಲ್ಲಿ ಸೈಕಲ್ಲಿನಿಂದ ಬಿದ್ದು ಮೊಣಕಾಲು ತರಚಿತು. ಹೆಂಡತಿ ದೇವಕಿ ಎಂಟು ತಿಂಗಳ ಬಸುರಿ, ಮರ್ಕಂಜದ ತವರಿನಲ್ಲಿದ್ದಳು. ಪ್ರತಿ ಶನಿವಾರ ನಾನು ಅಲ್ಲಿಗೆ ಹೋಗಬೇಕು. ಆಗೆಲ್ಲ ನಮ್ಮ ಕಡೆ ಸುದ್ದಿ ಹೋಗುತ್ತಿದ್ದುದು ಬಸ್ಸಿನಲ್ಲಿ, ಬಾಯಿಂದ ಬಾಯಿಗೆ. ಕಾಲಿಗೆ ಪೆಟ್ಟಾಗಿದೆ, ಈ ವಾರ ಬರುವುದಿಲ್ಲ ಎಂದು ಪುತ್ತೂರಿನಲ್ಲಿ ಕಂಡಕ್ಟರ್ ಬಾಬುವಿಗೆ ಹೇಳಿದೆ. ಅವನು ಸುಳ್ಯದ ಗೂಡಂಗಡಿಯ ಮೋನಪ್ಪ ಗೌಡರಿಗೆ ಹೇಳಬೇಕು, ಗೌಡರು ಮರ್ಕಂಜಕ್ಕೆ ಹೋಗುವವರ ಹತ್ತಿರ ಹೇಳಿ ಕಳಿಸಬೇಕು.

ಮರುದಿನ ಮಧ್ಯಾಹ್ನ ನೋಡುತ್ತೇನೆ, ದೇವಕಿ ನನ್ನ ಬಿಡಾರದ ಬಾಗಿಲಲ್ಲಿ! ಎಲುಬು ಬಿರುಕು ಬಿಟ್ಟಿದೆಯೆಂದು ಕೇಳಿ, ಆ ಹೊಂಡಗಳ ರಸ್ತೆಯಲ್ಲಿ ಎರಡು ಬಸ್ಸು ಬದಲಿಸಿ, ಹೊಟ್ಟೆ ಹಿಡಿದುಕೊಂಡು ತಂದೆಯ ಜೊತೆ ಬಂದಿದ್ದಳು. ಬಂದವಳೇ ಸೊಂಟ ನೋವೆಂದು ಜಗಲಿಯಲ್ಲಿ ಮಲಗಿಬಿಟ್ಟಳು. ಸೂಲಗಿತ್ತಿ ಬಂದು ಕೈಯಿಟ್ಟು ನೋಡಿ, ಮಗು ಚೆನ್ನಾಗಿದೆ, ಇನ್ನು ಹೆರಿಗೆಯವರೆಗೆ ಇವಳನ್ನು ಕದಲಿಸಬೇಡಿ ಎಂದಳು. ಮಾವ ನನ್ನ ಮೊಣಕಾಲಿನ ಬಟ್ಟೆಚೂರನ್ನೊಮ್ಮೆ, ನನ್ನ ಮುಖವನ್ನೊಮ್ಮೆ ನೋಡಿ ಅಂಗಳಕ್ಕಿಳಿದರು. ಮಗುವಿಗೆ ಏನಾದರೂ ಆಗಿದ್ದರೆ? ನನಗೆ ಸಿಟ್ಟು ನೆತ್ತಿಗೇರಿತು.

ಮರುದಿನವೇ ಸುಳ್ಯದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡೇ ಹೋಗಿ ಗೌಡರ ಮೇಲೆ ಹರಿಹಾಯ್ದೆ. ಅವರು ವೀಳ್ಯಕ್ಕೆ ಸುಣ್ಣ ಹಚ್ಚುತ್ತ ಪೂರ್ತಿ ಕೇಳಿದರು. "ಬಾಬು ಹೇಳಿದ್ದು ಎಲುಬು ಮುರಿದಿದೆ ಅಂತ ಮಾರಾಯ್ರೆ. ಬಸುರಿ ಹೆಂಗಸು ಹೆದರ್ತಾಳೆ ಅಂತ ನಾನು ಬಿರುಕು ಮಾತ್ರ ಅಂತ ಕಮ್ಮಿ ಮಾಡಿದೆ."

ಹಾಗಾದರೆ ಬಾಬುವೇ ಕಳ್ಳ! ಪುತ್ತೂರಿಗೆ ಮರಳಿ, ಬಸ್ ಸ್ಟ್ಯಾಂಡಿನಲ್ಲಿ ಹತ್ತು ಜನರ ಎದುರು ಅವನ ಜನ್ಮ ಜಾಲಾಡಿದೆ. ಅವನು ನನ್ನನ್ನು ಬದಿಗೆ ಕರೆದ.

"ಮಾಷ್ಟ್ರೆ, ನೀವು ಹೇಳಿದ್ದು ಕಾಲು ಉಳಿಯುದು ಸಂಶಯ ಅಂತ. ಅದನ್ನು ಹಾಗೇ ಹೇಳ್ಲಿಕ್ಕೆ ನನಗೆ ಮನಸ್ಸು ಬರಲಿಲ್ಲ. ಮುರಿದಿದೆ ಅಂತ ಮಾತ್ರ ಹೇಳಿದೆ."

ಹೇಳಿದ್ದೆ. ಎರಡು ತಿಂಗಳಿಂದ ಮಾವನ ಮನೆಯಲ್ಲಿ ಎಲ್ಲರೂ ದೇವಕಿಗೆ ಊಟ ಸೇರಿತೇ, ನಿದ್ದೆ ಬಂತೇ ಎಂದು ಕೇಳುವವರೇ, ನನ್ನನ್ನು ಕೇಳಿದವರಿಲ್ಲ. ಅವಳು ಒಂದು ದಿನವಾದರೂ ನನಗಾಗಿ ಮರುಗಲಿ ಎಂದು ಹೊಟ್ಟೆಕಿಚ್ಚಿನಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟಿದ್ದೆ.

ಮನೆಗೆ ಬಂದಾಗ ದೇವಕಿ ಮಲಗಿದಲ್ಲಿಂದಲೇ, ಅಷ್ಟು ದೊಡ್ಡ ಸುಳ್ಳು ಹೇಳಿದ್ದು ಯಾರೆಂದು ಗೊತ್ತಾಯಿತೇ ಎಂದು ಕೇಳಿದಳು. ಗೊತ್ತಾಯಿತು, ಪಾಪ, ಅವನು ಒಂದು ಚೂರು ಹೆಚ್ಚು ಮಾಡಿದ್ದನಂತೆ, ಅಷ್ಟೇ ಎಂದೆ.

"ಅವನಿಗೆ ನಾಚಿಕೆ ಆಗುದಿಲ್ವಾ?" ಎಂದಳು.

ನಾನು ಗೋಡೆಯ ಕಡೆ ತಿರುಗಿ ಅಂಗಿ ಕಳಚುತ್ತ ಹೇಳಿದೆ: "ಸ್ವಲ್ಪ ಆದ ಹಾಗೆ ಕಾಣ್ತದೆ."