ಕ್ರಿಸಾಂತೊನ ಮಾವಿನ ಗಂಟು

ಗಿಮಾರಾಸ್ ದ್ವೀಪದಲ್ಲಿ ಐಸ್ ಕ್ಯಾಂಡಿ ಮಾಡದ ಹೆಂಗಸಿಲ್ಲ, ಮಾಡಿದ ಗಂಡಸಿಲ್ಲ. ಈ ಘೋರ ಅನ್ಯಾಯ ಕ್ರಿಸಾಂತೊನ ಕಣ್ಣಿಗೆ ಬಿದ್ದದ್ದು ನರ್ಸ್ ಅವನಿಗೆ ಸಕ್ಕರೆ ಬಿಡಿ ಎಂದ ದಿನ.

"ಇಂದಾಯ್, ಬರೀ ಮಾವಿನಹಣ್ಣಿನ ಐಸ್ ಕ್ಯಾಂಡಿ. ಚಿಟಿಕೆ ಸಕ್ಕರೆ ಇಲ್ಲ. ಎಲ್ಲ ನಾನೇ ಮಾಡ್ತೀನಿ, ನೀನು ಕೂತ್ಕೋ," ಎಂದು, ತಾನು ಮುದ್ದಿಗೆ ಇಂದಾಯ್ ಎನ್ನುವ ಹೆಂಡತಿ ಎಡಿತಾಳಿಗೆ ಅಪ್ಪಣೆ ಕೊಡಿಸಿದ.

ಆ ಮನೆಯಲ್ಲಿ ಎಡಿತಾಳಿಗೆ ಕೂತ್ಕೋ ಎಂದು ಯಾರೂ ಹೇಳಿದ್ದಿಲ್ಲ. ಬೆರಗಾಗಿ ಬಿದಿರಿನ ಬೆಂಚಿನ ಮೇಲೆ ಕೂತಳು. ಯಾವಾಗ ಏಳಬೇಕಾದೀತೋ ಎಂದು ಅಂಚಿನಲ್ಲೇ ಕೂತಳು.

"ಇಂದಾಯ್, ಚಾಕು ಎಲ್ಲಿ?"

"ನಿನ್ನ ಕೈಲಿದೆ."

"ಮಿಕ್ಸಿ ಯಾಕೆ ತಿರುಗ್ತಿಲ್ಲ?"

"ಪ್ಲಗ್ ಹಾಕು."

"ಗೊರಟನೂ ಹಾಕಬಹುದಾ?"

ಎಡಿತಾ ಶಿಲುಬೆಯ ಗುರುತು ಮಾಡಿಕೊಂಡಳು.

ಸಂಜೆಯ ಹೊತ್ತಿಗೆ ಮನೆಯ ಪಾತ್ರೆಗಳೆಲ್ಲ ಮಾವಿನ ರಸದಲ್ಲಿ ಮಿಂದಿದ್ದವು. (ಅನ್ನದ ಪಾತ್ರೆ ಏಕೆ ಬೇಕಾಯಿತೆಂಬುದು ಇಂದಿಗೂ ನಿಗೂಢ.) ಉದ್ದನೆಯ ಸಪೂರ ಪ್ಲಾಸ್ಟಿಕ್ ಚೀಲಗಳಿಗೆ ರಸ ಸುರಿದು, ಬಾಯಿ ಗಂಟು ಹಾಕಿ, ಫ್ರೀಜರಿಗೆ ತುಂಬಿದ ಕ್ರಿಸಾಂತೊ ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಮಲಗಿ ಗೊರಕೆ ಹೊಡೆದ.

ಬೆಳಿಗ್ಗೆ ಫ್ರೀಜರ್ ತೆರೆದವನು ನಿಂತಲ್ಲೇ ನಿಂತ. ಹಿಮದ ಹೊಗೆಯ ನಡುವೆ ಹೊನ್ನಿನ ಕೋಲುಗಳು ಸಾಲಾಗಿ ಮಲಗಿದ್ದವು. ಒಂದು ಹನಿ ಸೋರಿಲ್ಲ. ಒಂದೊಂದರ ಗಂಟೂ ಕಡಲೆಕಾಳಿನಷ್ಟು ಪುಟ್ಟದು, ಅಷ್ಟೇ ಬಿಗಿ. ಇದು ನನ್ನ ಕೈಕೆಲಸವೇ? ಅಂಗೈಗಳನ್ನು ತಿರುಗಿಸಿ ತಿರುಗಿಸಿ ಭಕ್ತಿಯಿಂದ ನೋಡಿಕೊಂಡ.

ಆ ಕೇರಿಯಲ್ಲಿ ಐಸ್ ಕ್ಯಾಂಡಿಯ ಯೋಗ್ಯತೆ ಅಳೆಯುವುದು ರುಚಿಯಿಂದಲ್ಲ, ಗಂಟಿನಿಂದ. ಪಕ್ಕದ ಮನೆಯ ಲುದಿಂಗ್ ಒಂದನ್ನು ಬೆಳಕಿಗೆ ಹಿಡಿದು ನೋಡಿದಳು.

"ಕ್ರಿಸಾಂತೊ ಮಾನೊಂಗ್, ಅಣ್ಣಾ, ಇದು ಗಂಡಸು ಹಾಕಿದ ಗಂಟಾ? ನಮ್ಮನೆಯವನಿಗೆ ಬೂಟಿನ ದಾರ ಕಟ್ಟೋಕೂ ನಾನೇ ಬೇಕು. ಭಾನುವಾರ ಪೂಜೆ ಮುಗಿದ ಮೇಲೆ ಚರ್ಚ್ ಅಂಗಳದಲ್ಲಿ ಎಲ್ಲರಿಗೂ ತೋರಿಸಿಕೊಡಬೇಕು ನೀವು."

ವಾರವಿಡೀ ಕ್ರಿಸಾಂತೊನ ಕಾಲು ನೆಲಕ್ಕೆ ತಾಗಲಿಲ್ಲ. "ಗಂಟಿಗೆ ಬೇಕಾದ್ದು ಶಕ್ತಿ ಅಲ್ಲ ಇಂದಾಯ್, ಏಕಾಗ್ರತೆ," ಎಂದು ಮನೆಯಲ್ಲೂ ಪಾಠ ಹೇಳಿದ.

"ಹೌದಾ?" ಎಂದಳು ಎಡಿತಾ, ಅನ್ನದ ಪಾತ್ರೆ ತಿಕ್ಕುತ್ತ.

ಭಾನುವಾರ ಅಂಗಳದ ತುಂಬ ಹೆಂಗಸರು. ಮುಂದಿನ ಬೆಂಚಿನಲ್ಲಿ ಪಾದ್ರಿಗಳು, ಅವರ ಪಕ್ಕ ಎಡಿತಾ. ಕ್ರಿಸಾಂತೊ ಚೀಲ ತುಂಬಿ, ಏಕಾಗ್ರತೆಯಿಂದ ಗಂಟು ಹಾಕಿ, ತಲೆಕೆಳಗು ಮಾಡಿ ಎತ್ತಿ ಹಿಡಿದ. ಗಂಟು ಬಿಚ್ಚಿಹೋಗಿ ಪಾದ್ರಿಗಳ ಬಿಳಿ ನಿಲುವಂಗಿಗೆ ಮಾವಿನ ಅಭಿಷೇಕವಾಯಿತು. ಎರಡನೆಯದು ಅವನ ಅಂಗಿಯ ತೋಳಿನೊಳಗೇ ಹರಿದುಹೋಯಿತು. ಮೂರನೆಯದನ್ನು ಎತ್ತಿಕೊಂಡಾಗ ಲುದಿಂಗ್ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಂಡಳು.

ಕ್ರಿಸಾಂತೊ ತನ್ನ ಕೈ ನೋಡಿಕೊಂಡ. ಆಮೇಲೆ ಮೊದಲ ಸಲವೆಂಬಂತೆ ಹೆಂಡತಿಯ ಕೈ ನೋಡಿದ. ಹತ್ತಿರ ಬಗ್ಗಿ ಪಿಸುಗುಟ್ಟಿದ: "ಇಂದಾಯ್, ಆವತ್ತು ನೀನೇನಾದ್ರೂ..."

"ಫ್ರೀಜರೆಲ್ಲ ಸೋರಿದ್ರೆ ಒರೆಸೋಳು ನಾನೇ ತಾನೆ? ನೀನು ಮಲಗಿದ ಮೇಲೆ ಎಲ್ಲ ಬಿಚ್ಚಿ ಕಟ್ಟಿದೆ."

"ಹಾಗಾದ್ರೆ ಬಾ, ಒಂದೇ ಒಂದು ಕಟ್ಟಿಕೊಡು. ನನ್ನ ಮಾನ ಉಳಿಸು."

ಎಡಿತಾ ಈ ಸಲ ಅಂಚಿನಲ್ಲಿ ಕೂತಿರಲಿಲ್ಲ. ಬೆನ್ನು ಒರಗಿಸಿ, ಬೀಸಣಿಗೆ ಬೀಸಿಕೊಳ್ಳುತ್ತ ಅಂದಳು:

"ಕೂತ್ಕೋ ಅಂತ ನೀನೇ ಹೇಳಿದ್ಯಲ್ಲ. ಕೂತಿದೀನಿ."