ಕಾಕಾ ಬಿಚ್ಚದ ಫೋನು

ನಮ್ಮ ಕಾಕಾನ ಮುಂದ ಏನರ ಇಟ್ಟು ಹೊರಗ ಹೋಗಬ್ಯಾಡ್ರಿ, ಬರೂದರಾಗ ಬಿಚ್ಚಿರ್ತಾನ! ದಾಂಡೇಲಿ ಪೇಪರ್ ಮಿಲ್ಲಿನಾಗ ಫಿಟರ್ ಆಗಿದ್ದವ. ಬಂಗೂರನಗರದ ಅವನ ಮನ್ಯಾಗ ಮಿಕ್ಸರ್ ಒಂದು ಕಡೆ, ಅದರ ಮೋಟರ್ ಇನ್ನೊಂದು ಕಡೆ. ನನ್ನ ತಂಗಿನ್ನ ನೋಡಾಕ ಮುಂಡಗೋಡದ ಹುಡುಗ ಹಳೇ ಬೈಕ್ ಮ್ಯಾಲ ಬಂದಿದ್ದ. ಅವ ಒಳಗ ಚಾ ಕುಡಿಯೂದರಾಗ ಕಾಕಾ ಕಾರ್ಬೊರೇಟರ್ ಬಿಚ್ಚಿ ಅಂಗಳದಾಗ ಹಾಸಿದ್ದ. ಹುಡುಗ ಬಸ್ಸಿಗೆ ಹೋದ, ಸಂಬಂಧಾನೂ ಅವನ ಜೋಡಿ ಹೋತು.

ಫೋನಿನ ವಿಷಯದಾಗಂತೂ ಕೇಳಬ್ಯಾಡ್ರಿ. ತನ್ನ ಫೋನಿನ ಸಿಸ್ಟಮ್ಮನ್ನ ಬದಲಿಸಿ, ಎಲ್ಲೆಲ್ಲಿಂದನೋ ಆ್ಯಪ್ ತಂದು ತುಂಬಿದ್ದ. ಬ್ಯಾಂಕಿನ ಆ್ಯಪ್ ಅದನ್ನ ಕಂಡ್ರ ಮಾರಿ ತಿರುವ್ತಿತ್ತು. ಆದ್ರೂ ಹಿಂದ ಬಿಚ್ಚಾಕ ಬರದ, ಕಂಪನಿ ಒಪ್ಪಿದ ಆ್ಯಪ್ ಅಷ್ಟ ಹಾಕೂ ತುಟ್ಟಿ ಫೋನ್ ಹಿಡಿದವರನ್ನ ಕಂಡ್ರ ಇವಂಗ ಆಗ್ತಿರಲಿಲ್ಲ. ರೊಕ್ಕ ನಮ್ಮದು, ಕೀಲಿ ಅವರ ಕಡೆ, ಇದ್ಯಾವ ನ್ಯಾಯ ಅಂತಿದ್ದ.

ಆಮ್ಯಾಲ ಅವನ ಹೆಂಡ್ತಿ, ನಮ್ಮ ಕಾಕೂಗ ಕಿವಿ ಕೇಳೂದು ನಿಂತು ಹೋತು. ಹುಬ್ಬಳ್ಳ್ಯಾಗ ಕೊಟ್ಟ ಕಿವಿ ಮಷೀನಿನ ಆ್ಯಪ್ ಕಾಕಾನ ಫೋನಿನಾಗ ಓಡಲಿಲ್ಲ. ಬಿಚ್ಚಿದ, ಕೂಡಿಸಿದ, ಬೈದ. ಊಹೂಂ! ಅದಕ್ಕ ಆ ಮುಚ್ಚಿದ ತುಟ್ಟಿ ಫೋನ ಬೇಕಂತ. ಕಾಕಾ ಬಾಯಿ ಮುಚ್ಚಿಕೊಂಡು ಹೋಗಿ ತಂದ. ನಾವು ಅವನ್ನ ಕಾಡಿದ್ದು ಅಷ್ಟಿಷ್ಟಲ್ಲ.

ಕಾಕು ಅದಕ್ಕ ತನ್ನ ಬಟ್ಟು ಒತ್ತಿದ್ರ ಅಷ್ಟ ತಗಿಯೂವಂಥ ಕೀಲಿ ಹಾಕಿದ್ಲು. ಹಿತ್ತಲದಾಗ ಒಬ್ಬಾಕೀನ ಕುಂತು, ತವರಮನಿ ಹಾಡು ಹಾಡಿ ಅದರಾಗ ತುಂಬಿ, ತಿರುಗಿ ತಾನ ಕೇಳ್ತಿದ್ಲು. ಗಂಡ ಹತ್ರ ಬಂದ್ರ ಬಂದ್ ಮಾಡ್ತಿದ್ಲು.

"ಇದೊಂದರ ನಂದು ಇರ್ಲಿ. ಬಿಚ್ಚಬ್ಯಾಡ್ರಿ," ಅಂದಿದ್ಲು.

ಹ್ವಾದ ಬ್ಯಾಸಗ್ಯಾಗ ಎದಿ ಹಿಡಕೊಂಡು ಕುಂತಾಕಿ ಮತ್ತ ಏಳಲಿಲ್ಲ. ನಮ್ಮ ಪದ್ಧತಿ ಹಂಗ ಇಭೂತಿ ಹಚ್ಚಿ, ಗ್ವಾಡಿಗೆ ಆನಿಸಿ ಕುಂಡ್ರಿಸಿದ್ವಿ. ಕಿವ್ಯಾಗ ಮಷೀನು ಹಂಗ ಇತ್ತು. ಅಕಿ ದನಿ ಇರೂದು ಆ ಫೋನಿನಾಗ ಅಷ್ಟ, ಅದರ ಕೀಲಿ ತಗಿಯೂ ನಂಬರ್ ಯಾರಿಗೂ ಗೊತ್ತಿಲ್ಲ. ಮಣ್ಣಿಗೆ ಒಯ್ದ ಮ್ಯಾಲ ಮುಗದ ಹೋತು. ಅಕಿ ಬಟ್ಟು ಒಮ್ಮೆ ಹಚ್ಚಿ ನೋಡು ಅಂತ ನಾನ ಕಾಕಾಗ ಸಣ್ಣಗ ಹೇಳಿದೆ.

ಕಾಕಾ ಫೋನ್ ಒಂದು ಕೈಯಾಗ ಹಿಡಿದು, ಇನ್ನೊಂದು ಕೈಯಾಗ ಅಕಿ ಕೈ ಎತ್ತಿದ. ಬಾಳ ಹೊತ್ತು ಹಂಗ ಹಿಡಕೊಂಡಿದ್ದ. ಆಮ್ಯಾಲ ಆ ಕೈ ಮೆಲ್ಲಕ ಅಕಿ ತೊಡಿ ಮ್ಯಾಲ ಇಟ್ಟ.

"ಬ್ಯಾಡ ಅಂದಿದ್ಲಲೋ," ಅಂದ.

ಈಗ ದಿನಾ ಮುಂಜಾನೆ ಆ ಫೋನ್ ಒರಸಿ ಚಾರ್ಜಿಗೆ ಹಾಕ್ತಾನ. ಯಾರರ ಅದರ ಕೀಲಿ ತಗಿಸಿಕೊಂಡು ಬರ್ತೇವಿ ಅಂದ್ರ, ಇರ್ಲಿ ಬಿಡು, ಅದು ಅಕಿದು ಅಂತಾನ.