ಓಟದ ಮೋಟಾರು, ಫರಸಿಯ ಹೇರು

ಅಂಜುವ ಮನುಷ್ಯನನ್ನೇ ಹುಡುಕಿಕೊಂಡು ಅಂಜಿಸುವ ಕೆಲಸಗಳು ಬರುತ್ತವೆಯೋ ಏನೋ, ನನ್ನ ಮಟ್ಟಿಗಂತೂ ಹಾಗೇ ಆಗುತ್ತ ಬಂದಿದೆ. ಇಳಿಜಾರು ಬಂದರೆ ಸೈಕಲ್ಲಿನಿಂದ ಇಳಿದು ಕೈಯಲ್ಲಿ ಹಿಡಿದು ನಡೆಯುವವನು ನಾನು. ಅಂಥವನು ಅರವತ್ತರ ದಶಕದ ಆರಂಭದಲ್ಲಿ ವಿಜಾಪುರದ ಒಬ್ಬ ವ್ಯಾಪಾರಿಯ ಹತ್ತಿರ ಡ್ರೈವರ್ ಆಗಿದ್ದೆ. ನೆಲಕ್ಕೆ ಹಾಸುವ ಫರಸಿ ಕಲ್ಲು, ಜೋಳ ಎರಡೂ ಅವರ ವ್ಯಾಪಾರ. ಎತ್ತಿನ ಗಾಡಿಗಿಂತ ತುಸುವೇ ಜೋರಾಗಿ ಓಡುವ ಹಳೆಯ ಲಾರಿ ಇತ್ತು, ಅದು ನನಗೆ ಸರಿಹೋಗಿತ್ತು. ಅದು ಕೆಟ್ಟು ನಿಂತಾಗ ನಮ್ಮ ಧಣಿಯರು ಎಲ್ಲಿಂದಲೋ ಒಂದು ವಿಲಾಯಿತಿ ಕಾರು ತಂದರು.

೧. ಅರ್ಧ ಕಾರು

ಯಾವುದೋ ಸಂಸ್ಥಾನದವರ ಮನೆಯ ಕಾರಂತೆ. ಉದ್ದ ಮೂತಿ, ದೊಡ್ಡ ಎಂಜಿನ್. ಕಾಲು ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಳ್ಳುತ್ತಿತ್ತು. ಅದರ ಹಿಂದಿನ ಅರ್ಧ ಕತ್ತರಿಸಿ, ಕಟ್ಟಿಗೆಯ ತೊಟ್ಟಿ ಕೂಡಿಸಿ, ಕಲ್ಲು ಹೇರಬೇಕೆಂಬುದು ಧಣಿಯರ ವಿಚಾರ. ಇಬ್ರಾಹಿಂಪುರದಲ್ಲಿ ರೈಲು ಹಳಿಯ ಹತ್ತಿರ ಗಾಡಿ ರಿಪೇರಿ ಮಾಡುವ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದರು. ಕೆಲಸ ಅವರ ಕೈಗೆ ಹೋಯಿತು. ಮೂರು ವಾರದಲ್ಲಿ ಮುಂದೆ ನವಾಬ, ಹಿಂದೆ ಹಮಾಲ ಅನ್ನುವಂಥ ಗಾಡಿ ತಯಾರಾಗಿ ನಿಂತಿತು.

ನಾನು ಮಿಸ್ತ್ರಿಯವರನ್ನು ಬದಿಗೆ ಕರೆದು, ಅಂಜುವಂಥದ್ದೇನೂ ಇಲ್ಲವಲ್ಲ ಎಂದು ಕೇಳಿದೆ. ಅವರು ಗಾಡಿಯನ್ನು ಒಂದು ಸುತ್ತು ಹಾಕಿ ಬಂದು ಹೇಳಿದರು:

"ಗಾಡಿಗೆ ಯಾತರ ಅಂಜಿಕಿಪಾ? ಅಂಜಿದ್ರ ಒಳಗ ಕುಂತಾವ್ರು ಅಂಜಬೇಕು."

೨. ಬಾನೆಟ್ಟಿನ ಮೇಲೆ ಧಣಿಯರು

ಮೊದಲ ಹೇರು ಟಿಕೋಟಾದ ಪೇಟೆಯಿಂದ ತರಬೇಕಿದ್ದ ಜೋಳದ ಚೀಲಗಳು. ಹಮಾಲರು ಎಲ್ಲವನ್ನೂ ತೊಟ್ಟಿಯ ಹಿಂದಿನ ತುದಿಗೇ ಒಟ್ಟಿ ಊಟಕ್ಕೆ ಹೋದರು. ಗಾಡಿ ಹಿಂದೆ ಕುಸಿದು ಮೂತಿ ಎತ್ತಿತು. ಸೀಟಿನಲ್ಲಿ ಕೂತರೆ ರಸ್ತೆ ಕಾಣಿಸದು. ಆಕಾಶ ಮತ್ತು ಒಂದು ಹದ್ದು ಮಾತ್ರ ಕಾಣುತ್ತಿದ್ದವು. ಹತ್ತು ಮಾರು ಹೋಗಿ ಸ್ಟಿಯರಿಂಗ್ ಬಲಕ್ಕೆ ತಿರುಗಿಸಿದೆ. ಗಾಡಿ ನೆಟ್ಟಗೆ ಒಂದು ಚಹಾದಂಗಡಿಯ ಕಡೆ ನಡೆಯಿತು. ಮುಂದಿನ ಗಾಲಿಗಳು ನೆಲಕ್ಕೆ ಸರಿಯಾಗಿ ತಾಗುತ್ತಲೇ ಇರಲಿಲ್ಲ. ಅಂಗಡಿ ಒಂದು ಮೊಳ ಉಳಿದಿರುವಾಗ ನಿಂತಿತು.

ಹಮಾಲರು ಬರುವವರೆಗೆ ಕಾಯೋಣ ಎಂದೆ. ಜೊತೆಗೆ ಬಂದಿದ್ದ ಧಣಿಯರಿಗೆ ಅಷ್ಟು ತಾಳ್ಮೆ ಎಲ್ಲಿಯದು? ಮುಂದೆ ಭಾರ ಬೇಕು ತಾನೆ ಎನ್ನುತ್ತ, ರುಮಾಲು ಬಿಗಿದು, ತಮ್ಮ ಭಾರಿ ದೇಹವನ್ನು ಬಾನೆಟ್ಟಿನ ಮೇಲೆ ಇಟ್ಟರು. ಗಾಡಿ ಸಮಕ್ಕೆ ಬಂತು. ಇವರು ಉರುಳಿ ಗಾಲಿಯ ಕೆಳಗೆ ಬಂದರೆ ಏನು ಗತಿ ಎಂದು ಜೀವ ಕೈಯಲ್ಲಿ ಹಿಡಿದು, ನಡಿಗೆಯ ವೇಗದಲ್ಲಿ ಪೇಟೆ ದಾಟಿಸತೊಡಗಿದೆ. ಅಂಗಡಿಯವರು ಎದ್ದು ನಿಂತು ಕೈ ಮುಗಿದರು. ಧಣಿಯರೂ ಮುಗಿದರು. ಒಬ್ಬ ಮುದುಕ ನನ್ನ ಪಕ್ಕಕ್ಕೇ ನಡೆಯುತ್ತ ಬಂದು ಮೆಲ್ಲಗೆ ಕೇಳಿದ:

"ಸಾವ್ಕಾರ್ರು ಇಲೆಕ್ಷನ್ನಿಗೆ ನಿಂತಾರೇನಪಾ? ಗುರುತು ಯಾವ್ದು?"

೩. ಮಾಸ್ತರರ ಒಂದು ಚಪ್ಪಲಿ

ಇದಾದ ಮೇಲೆ ಮಿಸ್ತ್ರಿ ಮುರಿದ ಲಾರಿಯ ಸ್ಪ್ರಿಂಗಿನ ಉಕ್ಕಿನ ಪಾಟಾ ಪಟ್ಟಿಗಳನ್ನು ತಂದು, ಒಂದರ ಮೇಲೊಂದು ಕೂಡಿಸಿ, ಹಿಂದಿನ ಸ್ಪ್ರಿಂಗು ಬಲ ಮಾಡಿದರು. ಹೇರು ಇದ್ದಾಗ ಗಾಡಿ ಕುಸಿಯುವುದು ನಿಂತಿತು. ಹೇರು ಇಲ್ಲದಾಗ ಮಾತ್ರ ಸಣ್ಣ ತಗ್ಗು ಬಂದರೂ ಹಿಂಭಾಗ ಕುದುರೆಯಂತೆ ಒದೆಯುತ್ತಿತ್ತು.

ಒಂದು ಸಂಜೆ ಟಿಕೋಟಾದಿಂದ ಖಾಲಿ ಬರುವಾಗ ನಮ್ಮ ಓಣಿಯ ಸಾಲಿ ಮಾಸ್ತರರು ಕೈ ಮಾಡಿ ತೊಟ್ಟಿಗೆ ಹತ್ತಿಕೊಂಡರು. ಊರು ಸಮೀಪಿಸಿದಾಗ ತಿರುಗಿ ನೋಡಿದರೆ ತೊಟ್ಟಿಯಲ್ಲಿ ಅವರ ಒಂದು ಚಪ್ಪಲಿ ಮಾತ್ರ ಇತ್ತು. ಗಾಡಿ ತಿರುಗಿಸಿ ಟಿಕೋಟಾದವರೆಗೂ ಹೋಗಿ, ಎರಡೂ ಬದಿಯ ತಗ್ಗು, ಬೇಲಿ, ಎಲ್ಲ ಹುಡುಕಿದೆ. ಮಾಸ್ತರರೂ ಇಲ್ಲ, ಹೆಣವೂ ಇಲ್ಲ. ಕೊನೆಗೆ ಆ ಚಪ್ಪಲಿ ಹಿಡಿದುಕೊಂಡು ಅವರ ಮನೆಗೆ ನಡೆದೆ. ಹೆಂಡತಿಗೆ ಹೇಗೆ ಹೇಳಲಿ ಎಂದು ದಾರಿಯುದ್ದಕ್ಕೂ ಮಾತು ಹೊಂದಿಸಿದೆ, ಒಂದೂ ಹೊಂದಲಿಲ್ಲ.

ಬಾಗಿಲು ತೆಗೆದವರು ಮಾಸ್ತರರೇ. ಮೋರಿಯ ಹತ್ತಿರ ಗಾಡಿ ಒದ್ದಾಗ ಹಾರಿ ಉಸುಕಿನ ರಾಶಿಯ ಮೇಲೆ ಬಿದ್ದು, ಹಿಂದೆ ಬಂದ ಬಸ್ಸಿನಲ್ಲಿ ನನಗಿಂತ ಮೊದಲೇ ಮನೆ ಸೇರಿದ್ದರು. ನನಗೆ ಅಳುವೇ ಬಂತು. ಅವರು ಚಪ್ಪಲಿ ಇಸಿದುಕೊಂಡು ಹೇಳಿದರು:

"ನಿನ್ನ ಗಾಡ್ಯಾಗ ಅದೊಂದು ಚಲೋ ಐತಿ ನೋಡು. ನಿಲ್ಲಸು ಅಂತ ಹೇಳೂದ ಬ್ಯಾಡ, ತಾನ ಇಳಸ್ತೈತಿ."

೪. ಶಾಬಾಸ್

ಕೊನೆಯದು ಬಬಲೇಶ್ವರದ ದಾರಿಯಲ್ಲಿ ಆದದ್ದು. ಅಲ್ಲಿ ಯಾರದೋ ಹೊಸ ಮನೆಗೆ ತೊಟ್ಟಿಯ ತುಂಬ ಫರಸಿ ಒಯ್ಯುತ್ತಿದ್ದೆವು. ಅಷ್ಟು ಭಾರ ಅದೇ ಮೊದಲು. ಹೇಗೆ ಹೊರುತ್ತದೆ ನೋಡೋಣ ಎಂದು ಮಿಸ್ತ್ರಿಯೂ ಬಂದರು. ನಾನು, ನಡುವೆ ಮಿಸ್ತ್ರಿ, ಆ ತುದಿಗೆ ಧಣಿಯರು. ಧಣಿಯರದು ಊರು ಬಿಟ್ಟಾಗಿನಿಂದ ಒಂದೇ ದೂರು. ಇಂಥ ಎಂಜಿನ್ ಇದ್ದೂ ನಾನು ಎಮ್ಮೆ ಕಾಯಲು ಹೊರಟವನ ಹಾಗೆ ಹೊಡೆಯುತ್ತೇನಂತೆ.

ಹಳ್ಳದ ಕಡೆ ಉದ್ದನೆಯ ಇಳಕಲು ಬಂತು. ಬ್ರೇಕ್ ತುಳಿದೆ. ಕಾಲು ಸೀದಾ ತಳಕ್ಕೆ ಹೋಯಿತು. ಮತ್ತೆ ತುಳಿದೆ. ಅಲ್ಲೇನೂ ಇರಲಿಲ್ಲ. ಗೇರು ಇಳಿಸಲು ನೋಡಿದೆ, ಅದು ಕೂಡಲಿಲ್ಲ. ಬಾಯಿ ತೆರೆದರೆ ಸ್ವರ ಹೊರಡಲಿಲ್ಲ. ಹಿಂದಿನ ಕಲ್ಲುಗಳು ನಮ್ಮನ್ನು ನೂಕುತ್ತಿದ್ದವು. ಮಿಸ್ತ್ರಿ ನನ್ನ ಕಾಲು ನೋಡಿದರು, ಮುಖ ನೋಡಿದರು, ಕಣ್ಣು ಮುಚ್ಚಿ ದೇವರ ಹೆಸರು ಹೇಳತೊಡಗಿದರು.

ಧಣಿಯರು ಕಿಟಕಿಯಿಂದ ಮುಖ ಹೊರಗೆ ಹಾಕಿದ್ದರು. ಗಾಳಿಗೆ ರುಮಾಲು ಬಿಚ್ಚಿ ಹಾರುತ್ತಿತ್ತು. "ಶಾಬಾಸ್," ಅಂದರು. "ಈಗ ಹೊಡಿಯಾಕ ಕಲತಿ ನೋಡು." ಮತ್ತೂ ಜೋರಾಯಿತು. ಅವರು ನನ್ನ ಧೈರ್ಯವನ್ನು, ಗಾಡಿಯನ್ನು, ನನ್ನನ್ನು ಕೆಲಸಕ್ಕಿಟ್ಟುಕೊಂಡ ತಮ್ಮ ಜಾಣತನವನ್ನು ಇಳಕಲಿನುದ್ದಕ್ಕೂ ಕೊಂಡಾಡಿದರು. ಮುಂದೆ ಹಳ್ಳದಲ್ಲಿ ಎತ್ತಿನ ಗಾಡಿಗಳು ಸಾಲಾಗಿ ನಿಂತಿದ್ದವು. ಅವುಗಳ ಮೇಲೆ ಹೋಗುವ ಬದಲು ಸಾಯುವುದಾದರೆ ನಾವೇ ಸಾಯೋಣ ಎಂದುಕೊಂಡು ಎಡಕ್ಕೆ ತಿರುವಿದೆ. ಮಳೆಗೆ ನೆನೆದ ಕರಿ ಎರೆಮಣ್ಣಿನ ಹೊಲ. ಗಾಡಿ ಒಡ್ಡು ಹಾರಿ ಹೊಟ್ಟೆಯವರೆಗೆ ಹುಗಿದು ನಿಂತಿತು. ಯಾರಿಗೂ ಗಾಯವಿರಲಿಲ್ಲ. ನನ್ನ ಬೆರಳುಗಳು ಮಾತ್ರ ಸ್ಟಿಯರಿಂಗ್ ಬಿಡಲೊಲ್ಲವು.

ಧಣಿಯರು ಕೆಳಗಿಳಿದು ಕೆಸರಿನಲ್ಲಿ ನಿಂತು ಸುತ್ತ ನೋಡಿದರು.

"ಹೊಡದದ್ದೇನೋ ಬೇಷ್ ಹೊಡದಿ. ಹೊಲದಾಗ ಯಾಕ ತಂದಿ?"

"ಬ್ರೇಕ್ ಇಲ್ರಿ, ಧಣೇರ," ಅಂದೆ.

"ಯಾವಾಗಿಂದ?"

"ನೀವು ಶಾಬಾಸ್ ಅಂದ್ರಲ್ರಿ, ಆವಾಗಿಂದ."

ಧಣಿಯರು ಅಲ್ಲೇ ನೇಗಿಲ ಸಾಲಿನಲ್ಲಿ ಕೂತುಬಿಟ್ಟರು. ಹಳ್ಳದ ಗಾಡಿಯವರು ನಾಲ್ಕು ಜೋಡಿ ಎತ್ತು ಹೂಡಿ ಮೋಟಾರನ್ನು ರಸ್ತೆಗೆ ಎಳೆದು ತಂದರು. ಧಣಿಯರನ್ನು ಎಬ್ಬಿಸುವುದು ಮಾತ್ರ ಅವರಿಂದಲೂ ಆಗಲಿಲ್ಲ.